ನಾಲ್ಕು ತೂತು, ಆರು ಸಾವಿರ ರೂಪಾಯಿ

ರಜೆ ಮುಗಿಸಿ ಕ್ಯಾಂಪಸ್ಸಿಗೆ ವಾಪಸ್ ಬಂದ ದಿನದಿಂದ ಎಲ್ಲರದ್ದೂ ಒಂದೇ ಪ್ರಶ್ನೆ: "ಸಮ್ಮರ್ ಇಂಟರ್ನ್‌ಶಿಪ್ ಎಲ್ಲಿ ಮಾಡ್ದೆ ಮಗಾ?" ಹುಬ್ಬಳ್ಳೀಲಿ ಅಂತ ಹೇಳಿ ಸುಮ್ಮನಾಗ್ತಿದ್ದೆ. ಸುಳ್ಳಲ್ಲ, ಆದ್ರೆ ಪೂರ್ತಿ ನಿಜಾನೂ ಅಲ್ಲ. ಹದಿನೇಳು ಕಡೆ ಅರ್ಜಿ ಹಾಕಿದ್ದೆ. ಎರಡು ಕಡೆಯಿಂದ ಉತ್ತರ ಬಂತು, ಎರಡೂ "ಇಲ್ಲ". ಉಳಿದವರು ಅಷ್ಟೂ ಹೇಳಲಿಲ್ಲ. ನಾನು ಮಾಡಿದ್ದು ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ, ಅಕ್ಕನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಹನ್ನೊಂದು ದಿನದ ಕೆಲಸ. ಸ್ಟೈಪೆಂಡ್ ಇಲ್ಲ, ಸರ್ಟಿಫಿಕೇಟ್ ಇಲ್ಲ, ಮೂರು ಹೊತ್ತು ರೊಟ್ಟಿ ಊಟ.

ಮಾಮಾ ಗದಗಿನಲ್ಲಿ ಅಣ್ಣತಮ್ಮಂದಿರ ಜೊತೆ ಅಂಗಡಿ ನಡೆಸ್ತಿದ್ರು. ಮನೆ ಪಾಲಾಯ್ತು, ಅಂಗಡಿ ಮುಚ್ಚಿತು, ಅವರು ಹುಬ್ಬಳ್ಳಿಯ ಒಂದು ಗೋದಾಮಿನಲ್ಲಿ ಸಂಬಳಕ್ಕೆ ಸೇರಿದ್ರು. ಹೆಚ್ಚಿಗೆ ವಿವರ ಬೇಡ. ದೊಡ್ಡ ಪಡಸಾಲೆ, ಹಿತ್ತಲು ಇದ್ದ ಮನೆಯಿಂದ ಅಕ್ಕ ಎರಡು ಮಕ್ಕಳನ್ನ ಕರ್ಕೊಂಡು 10×12 ಅಡಿಯ ಒಂದು ಕೋಣೆ, ಅದಕ್ಕಿಂತ ಸಣ್ಣದೊಂದು ಅಡುಗೆಮನೆಗೆ ಬಂದಿದ್ದಳು. ದೊಡ್ಡವಳು ಪುಟ್ಟಿ, ನಾಲ್ಕೂವರೆ ವರ್ಷ. ಸಣ್ಣವನು ಗುಂಡ, ಎರಡು ತುಂಬಿ ಮೂರು ತಿಂಗಳು. ನಾನು ಹೋದಾಗ ಬಂದು ಎರಡು ತಿಂಗಳಾಗಿತ್ತು, ಅರ್ಧ ಸಾಮಾನು ಇನ್ನೂ ಗೋಣಿಚೀಲದಲ್ಲೇ ಇತ್ತು. ಬಾಗಿಲಲ್ಲಿ ಯಾರಾದ್ರೂ ನಿಂತ್ರೆ ಅಕ್ಕ ಹೊರಗೇ ಮಾತಾಡಿಸಿ ಕಳಿಸ್ತಿದ್ದಳು. ನಮ್ಮಕ್ಕ ದಾರೀಲಿ ಹೋಗೋರನ್ನೂ ಕರೆದು ಚಹಾ ಕುಡಿಸೋಳು. ಅದನ್ನ ನೋಡಿ ನನಗೆ ಹೊಟ್ಟೆಯಲ್ಲಿ ಏನೋ ಆಯ್ತು.

"ಮನಿ ಒಂದಿಷ್ಟು ಮನಿ ಹಂಗ ಕಾಣಬೇಕಲೋ. ನೀ ಇಂಜಿನಿಯರ್ ಅದೀ ಅಲಾ?" ಅಂದಳು. ಸಕ್ಕರೆ ಡಬ್ಬಿಯ ಹಿಂದಿನ ಇನ್ನೊಂದು ಡಬ್ಬಿಯಿಂದ 6,000 ರೂಪಾಯಿ ತೆಗೆದು ಕೈಗಿಟ್ಟಳು. ಅದರ ಮೇಲೆ ಒಂದು ಪೈಸೆಯೂ ಇಲ್ಲ ಅಂತ ಹೇಳೋ ಅಗತ್ಯ ಇರಲಿಲ್ಲ.

ಇನ್ನೊಂದು ಷರತ್ತು ಮನೆ ಮಾಲೀಕರ ಅಜ್ಜಿಯದ್ದು. ಮೇಲಿನ ಮನೆಯಲ್ಲೇ ಇರ್ತಾರೆ. ಬಣ್ಣ ಹಚ್ಚಬಹುದು, ಬೇಕಾದ್ದು ಮಾಡಬಹುದು, ಆದ್ರೆ ಗೋಡೆಗೆ ಮೊಳೆ? "ಹಳೇ ಗ್ವಾಡಿ ಅದ ತಮ್ಮಾ, ಉದರ್ತೈತಿ. ಮೊಳಿ ಹೊಡಿಬ್ಯಾಡ್ರಿ." ಬಹಳ ಚೌಕಾಸಿ ಮಾಡಿದ ಮೇಲೆ ನಾಲ್ಕು ತೂತಿಗೆ ಒಪ್ಪಿದ್ರು. ನಾಲ್ಕೇ ನಾಲ್ಕು. ಖಾಲಿ ಮಾಡುವಾಗ ಎಣಿಸ್ತೀನಿ ಅಂದ್ರು.

ಮೊದಲ ದಿನ ನಾನು ಮಾಡಿದ್ದು ನೀವೂ ಮಾಡ್ತಿದ್ರಿ: ಲ್ಯಾಪ್‌ಟಾಪ್ ತೆಗೆದು ಸ್ಕೆಚ್‌ಅಪ್‌ನಲ್ಲಿ ಕೋಣೆ ಎಬ್ಬಿಸಿದೆ. ಬಿಳಿ ಗೋಡೆ, ತೇಲೋ ಶೆಲ್ಫು, ಮೂಲೆಯಲ್ಲಿ ಗಿಡ. ಪಿಂಟರೆಸ್ಟ್‌ನಲ್ಲಿ ಬರೋ ಮಕ್ಕಳ ಕೋಣೆಗಳಲ್ಲಿ ಮಕ್ಕಳು ಇರೋದಿಲ್ಲ ಅನ್ನೋದು ಆಗ ಹೊಳೀಲಿಲ್ಲ. ಪುಟ್ಟಿ ಪರದೆ ನೋಡಿ, "ಮಾಮಾ, ನೀರಿನ ಡ್ರಮ್ ಎಲ್ಲೈತಿ?" ಅಂದಳು. ನಿಜ. ಆ ಓಣೀಲಿ ನಳದ ನೀರು ಐದಾರು ದಿನಕ್ಕೊಮ್ಮೆ. 200 ಲೀಟರಿನ ಎರಡು ಡ್ರಮ್ಮು, ನಾಲ್ಕು ಕೊಡ, ಮೂರು ಬಕೆಟ್ಟು ಮನೆಯ ಒಳಗೇ ಇರಬೇಕು. ಯಾವ ಡಿಸೈನ್ ವಿಡಿಯೊದಲ್ಲೂ ನಾನು ನೀರಿನ ಡ್ರಮ್ ನೋಡಿಲ್ಲ. ಮನೆಯ ಕಾಲು ಭಾಗ ಜಾಗ ನುಂಗೋದು ಅದೇ.

ಮಾರನೇ ದಿನ ಒಂದು ಒಳ್ಳೇ ಕೆಲಸ ಮಾಡಿದೆ. ಮೊಣಕಾಲೂರಿ ಮನೆ ಪೂರ್ತಿ ಓಡಾಡಿದೆ. ಪುಟ್ಟಿಯ ಎತ್ತರ 102 ಸೆಂಟಿಮೀಟರು, ಗುಂಡ 87. ಅವರ ಕಣ್ಣಿನ ಮಟ್ಟದಲ್ಲಿ ಮೊಬೈಲ್ ಹಿಡಿದು ಫೋಟೊ ತೆಗೆದೆ. ಆ ಫೋಟೊಗಳಲ್ಲಿ ಕ್ಯಾಲೆಂಡರು, ದೇವರ ಪಟ, ಮದುವೆ ಫೋಟೊ ಏನೂ ಇಲ್ಲ, ಅವೆಲ್ಲ ಆಕಾಶದಲ್ಲಿವೆ. ಇರೋದು ಗ್ಯಾಸಿನ ಪೈಪು, ಪ್ಲಗ್ ಪಾಯಿಂಟಿನ ತೂತು, ಬಾಗಿಲ ಸಂದು, ಡ್ರಮ್ಮಿನ ಹೊಟ್ಟೆ. ಅವರ ಆಟದ ಸಾಮಾನು ಗೋಣಿಚೀಲದಲ್ಲಿ, ಬಟ್ಟೆ ಅಟ್ಟದ ಮೇಲೆ. ಆ ಮನೆಯಲ್ಲಿ ಅವರ ಕೈಗೆ ಸಿಗೋದೆಲ್ಲ "ಮುಟ್ಟಬ್ಯಾಡ" ಅನ್ನೋ ವಸ್ತು. ಅಕ್ಕ ದಿನಕ್ಕೆ ಎಷ್ಟು ಸಲ ಹಾಗಂತಾಳೆ ಅಂತ ಒಂದು ಬೆಳಗ್ಗೆ ಎಣಿಸೋಕೆ ಹೋದೆ, ನಲವತ್ತು ದಾಟಿದ ಮೇಲೆ ಬಿಟ್ಟೆ.

ಮಕ್ಕಳ ಮನೆ ಅಂದ್ರೆ ಎಲ್ಲಾ ಮಕ್ಕಳ ಅಳತೆಗಿರಬೇಕು ಅಂತ ಮರಿಯಾ ಮಾಂಟೆಸ್ಸರಿ 1907ರಲ್ಲೇ ರೋಮಿನ ಬಡವರ ಕೇರಿಯೊಂದರಲ್ಲಿ ಮಾಡಿ ತೋರಿಸಿದ್ರು: ಸಣ್ಣ ಕುರ್ಚಿ, ತಗ್ಗಿನ ಶೆಲ್ಫು, ಮಗು ತಾನೇ ತೆಗೆದು ತಾನೇ ವಾಪಸ್ ಇಡೋ ಹಾಗೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ಮದ್ರಾಸಿನ ಅಡ್ಯಾರ್‌ನಲ್ಲೂ ಕೊಡೈಕನಾಲ್‌ನಲ್ಲೂ ಇದ್ದು ಶಿಕ್ಷಕರಿಗೆ ತರಬೇತಿ ಕೊಟ್ಟವರು. ಈಗ ಆ ಹೆಸರಲ್ಲಿ ಬಿಕರಿಯಾಗೋ ಮಕ್ಕಳ ಶೆಲ್ಫಿನ ಬೆಲೆ ಆನ್‌ಲೈನಲ್ಲಿ ನೋಡಿ, ನಕ್ಕು, ಮುಚ್ಚಿಟ್ಟೆ.

ಆದ್ರೂ ನನಗೆ ಆ ತೇಲೋ ಶೆಲ್ಫಿನ ಆಸೆ ಹೋಗಲಿಲ್ಲ. ಇಲ್ಲಿಂದ ಶುರು ನನ್ನ ಮಾನ ಹೋದ ಕಥೆ.

ಒಂದು ಹಲಗೆ, ಎರಡು ಎಲ್ ಬ್ರಾಕೆಟ್, ಬಾಡಿಗೆ ಡ್ರಿಲ್. ಒಂದೊಂದು ಬ್ರಾಕೆಟ್ಟಿಗೆ ಎರಡು ಸ್ಕ್ರೂ ಹಾಕಿದ್ರೆ ನಾಲ್ಕೂ ತೂತು ಖರ್ಚು. ಹಾಗಾಗಿ ಬುದ್ಧಿ ಓಡಿಸಿದೆ: ಮೇಲೆ ಒಂದೇ ಸ್ಕ್ರೂ ಸಾಕು, ಕೆಳಗಿನ ತುದಿ ಗೋಡೆಗೆ ಒತ್ತಿ ನಿಲ್ಲುತ್ತೆ. ಲೆಕ್ಕ ಸರಿಯಾಗೇ ಇತ್ತು. ಹಲಗೆಯ ಅಗಲ 25 ಸೆಂಟಿಮೀಟರು, ಮೇಲೆ 12 ಕೆಜಿ ಸಾಮಾನು, ಅಂದ್ರೆ ಮೊಮೆಂಟ್ 150 ಕೆಜಿ-ಸೆಂಮೀ. ಬ್ರಾಕೆಟ್ ಉದ್ದ 15. ಸ್ಕ್ರೂಗಳ ಮೇಲೆ ಒಟ್ಟು ಎಳೆತ 10 ಕೆಜಿ, ತಲಾ ಐದು. ಏನೂ ಅಲ್ಲ! ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನಲ್ಲಿ ನನಗೆ ಕ್ಲಾಸಿಗೇ ಎರಡನೇ ಮಾರ್ಕ್ಸು. ಸ್ಟೀಲ್ ಡಬ್ಬಿ, ಪುಸ್ತಕ ಜೋಡಿಸಿ, ಫೋಟೊ ತೆಗೆದು ಸ್ಟೇಟಸ್ ಹಾಕಿದೆ.

ರಾತ್ರಿ ಎರಡೂವರೆಗೆ ಬಿತ್ತು.

ಆ ಶಬ್ದ ಈಗಲೂ ಕಿವಿಯಲ್ಲಿದೆ. ಡಬ್ಬಿ ಒಂದೊಂದಾಗಿ ಫರಸಿ ಮೇಲೆ ಉರುಳಿ, ಕೊನೇದು ತಿರುಗ್ತಾ ತಿರುಗ್ತಾ ನಿಂತಿತು. ಮಕ್ಕಳು ಆ ರಾತ್ರಿ ಸೆಕೆ ಅಂತ ಅಡುಗೆಮನೆಯ ಬಾಗಿಲ ಹತ್ತಿರ ಮಲಗಿದ್ರು. ಸಂಜೆ ಇಡೀ ಅದೇ ಶೆಲ್ಫಿನ ಕೆಳಗೆ ಕೂತು ಗುಂಡ ಚಮಚ ಬಡೀತಿದ್ದ. ದೀಪ ಹಾಕಿದಾಗ ಅವನು ಕೂತಿದ್ದ ಜಾಗದಲ್ಲೇ ಹಲಗೆಯ ಮೂಲೆ ಬಿದ್ದು ಕಲ್ಲಿಗೆ ಕಚ್ಚು ಬಿದ್ದಿತ್ತು. ಮಾಮಾ ಏನೂ ಅನ್ನಲಿಲ್ಲ. ಪೊರಕೆ ತಂದು ಗುಡಿಸೋಕೆ ಶುರು ಮಾಡಿದ್ರು. ಬೈದಿದ್ರೆ ಚೆನ್ನಾಗಿರ್ತಿತ್ತು.

ಬೆಳಗ್ಗೆ ಹಾರ್ಡ್‌ವೇರ್ ಅಂಗಡಿಯ ಹಿರಿಯರ ಮುಂದೆ ಕಿತ್ತು ಬಂದ ಪ್ಲಾಸ್ಟಿಕ್ ಗಟ್ಟಿ ಇಟ್ಟೆ. ಅದರ ಸುತ್ತ ಅಂಟಿದ್ದ ಪುಡಿಯನ್ನ ಬೆರಳಲ್ಲಿ ತಿಕ್ಕಿ ನೋಡಿದ್ರು. "ಇದು ಮಣ್ಣಿನ ಗ್ವಾಡಿ ತಮ್ಮಾ. ಮ್ಯಾಲೆ ಗಿಲಾವ್ ಅಷ್ಟ ಸಿಮೆಂಟು. ಇದಕ್ಕ ಪ್ಲಾಸ್ಟಿಕ್ ಗಟ್ಟಿ ಹಿಡಿಯಂಗಿಲ್ಲ." ಆಗ ಗೊತ್ತಾಯ್ತು. ನಮ್ಮ ಪುಸ್ತಕದಲ್ಲಿ ಕ್ಯಾಂಟಿಲಿವರ್ ಚಿತ್ರ ಬರೀತೀವಲ್ಲ, ಗೋಡೆ ಅಂದ್ರೆ ಒಂದು ಉದ್ದ ಗೆರೆ, ಪಕ್ಕದಲ್ಲಿ ಓರೆ ಗೀಟುಗಳು. ಫಿಕ್ಸ್ಡ್ ಸಪೋರ್ಟ್. ನಾನು ಹಲಗೆ, ಬ್ರಾಕೆಟ್, ಸ್ಕ್ರೂ ಎಲ್ಲದರ ಲೆಕ್ಕ ಮಾಡಿದ್ದೆ, ಆ ಗೀಟುಗಳ ಲೆಕ್ಕ ಮಾಡಿರಲಿಲ್ಲ. ಅಜ್ಜಿ ಮೊದಲ ದಿನವೇ ಹೇಳಿದ್ರು, ಉದುರ್ತೈತಿ ಅಂತ. ನಾನು ಅದನ್ನ ಚೌಕಾಸಿ ಅಂದ್ಕೊಂಡಿದ್ದೆ.

ನಾಲ್ಕರಲ್ಲಿ ಎರಡು ತೂತು ಹೋಯ್ತು. 560 ರೂಪಾಯಿಯೂ ಹೋಯ್ತು.

ಆಮೇಲೆ ಎತ್ತರದ ಆಲೋಚನೆ ಬಿಟ್ಟು ಎಲ್ಲವನ್ನೂ ನೆಲಕ್ಕಿಳಿಸಿದೆವು. ಮೇ ತಿಂಗಳು, ಧಾರವಾಡದ ಆಪೂಸು ಮಾರುಕಟ್ಟೆಗೆ ಬರೋ ಕಾಲ. ಮಾವಿನ ಹಣ್ಣಿನ ಮರದ ಪೆಟ್ಟಿಗೆ ಹಣ್ಣಿನವರ ಹತ್ತಿರ 40 ರೂಪಾಯಿಗೊಂದು ಸಿಕ್ತು, ಎಂಟು ತಂದೆ. ಅದರಲ್ಲಿ ಮೊಳೆ ತುದಿ ಹೊರಗೆ ಬಂದಿರುತ್ತೆ, ಸಿಬಿರು ಕೈಗೆ ಚುಚ್ಚುತ್ತೆ. ಪೆಟ್ಟಿಗೆ ಅಗ್ಗ ಅಂತ ಹೇಳೋರು ಇದನ್ನ ಹೇಳೋದಿಲ್ಲ. ಮೊಳೆ ಬಡಿದು ಮಡಚಿ, ಎಲ್ಲಾ ಅಂಚನ್ನೂ ಮರಳು ಕಾಗದದಲ್ಲಿ ತಿಕ್ಕೋಕೆ ಪೂರ್ತಿ ಎರಡು ದಿನ ಬೇಕಾಯ್ತು. ಅಡ್ಡಡ್ಡ ಮಲಗಿಸಿ ಎರಡೇ ಸಾಲು ಎತ್ತರಕ್ಕೆ ಜೋಡಿಸಿ, ಒಂದಕ್ಕೊಂದು ತಂತಿಯಲ್ಲಿ ಕಟ್ಟಿದೆ. ಪುಟ್ಟಿಯ ಎದೆ ಮಟ್ಟ. ಆಟದ ಸಾಮಾನಿನಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಹೊರಗೆ, ಉಳಿದದ್ದು ಚೀಲದಲ್ಲಿ ಕಟ್ಟಿ ಅಟ್ಟಕ್ಕೆ; ಸೋಮವಾರ ಅದಲು ಬದಲು. ಇದು ಅಕ್ಕನ ಐಡಿಯಾ. ಹಳೇ ಆಟಿಕೆ ವಾರ ಬಿಟ್ಟು ಇಳಿದರೆ ಹೊಸದರ ಹಾಗೇ ಕುಣೀತಾವೆ ಮಕ್ಕಳು.

ಮನೆ ಒಪ್ಪ ಮಾಡೋದು ಅಂದ್ರೆ ಮರಿ ಕೊಂಡೊ ಹೆಸರು ಬರ್ಲೇಬೇಕಲ್ಲ. ಖುಷಿ ಕೊಡದ ವಸ್ತುವನ್ನ ಮನೆಯಿಂದ ಕಳಿಸಿಬಿಡಿ ಅಂತ ಹೇಳೋ ಜಪಾನಿನ ಹೆಂಗಸು. ಅಕ್ಕನಿಗೆ ವಿವರಿಸಿದೆ. "ಕುಕ್ಕರ್ ನೋಡಿದ್ರ ನನಗ ಯಾವ ಖುಷೀನೂ ಆಗಂಗಿಲ್ಲ, ಒಗದು ಬರ್ಲೇನು?" ಅಂದಳು. ಆಕೆಗೇ ಮೂರನೇ ಮಗು ಆದ ಮೇಲೆ, ಈಗ ನನ್ನ ಮನೆ ಮೊದಲಿನಷ್ಟು ಒಪ್ಪವಾಗಿಲ್ಲ ಅಂತ 2023ರಲ್ಲಿ ಒಪ್ಕೊಂಡಿದ್ದಾರೆ ಅಂತಾನೂ ಹೇಳಿದೆ. "ಪಾಪ," ಅಂದಳು ಅಕ್ಕ, ನಿಜವಾದ ಕನಿಕರದಿಂದ. ಬಟ್ಟೆಯನ್ನ ನಿಲ್ಲಿಸಿ ಮಡಚೋ ಆಕೆಯ ಪದ್ಧತಿ ಮಾತ್ರ ಇಬ್ಬರಿಗೂ ಹಿಡಿಸಿತು. ಯಾವ ಅಂಗಿ ಎಲ್ಲಿದೆ ಅಂತ ಪುಟ್ಟಿಗೇ ಕಾಣುತ್ತೆ, ಒಂದು ಎಳೆದರೆ ಹತ್ತು ಬೀಳೋದಿಲ್ಲ.

ಆ ಬಟ್ಟೆಗೆ ಒಂದು ಡ್ರಾಯರಿನ ಕಪಾಟು ಬೇಕಿತ್ತು. ಸೆಕೆಂಡ್ ಹ್ಯಾಂಡ್ ಅಂಗಡೀಲಿ ಒಂದು ಹಸಿರು ಬಣ್ಣದ್ದು 1,400ಕ್ಕೆ ಇತ್ತು, ನೋಡೋಕೆ ಬಹಳ ಚೆಂದ. ಆದ್ರೆ ಬಣ್ಣ ಚಕ್ಕೆ ಚಕ್ಕೆಯಾಗಿ ಏಳ್ತಿತ್ತು. ಮನೆಗೆ ಹಚ್ಚೋ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಅನ್ನೋ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೇ ಎನಾಮಲ್ಲಿನಲ್ಲಿ ಎಷ್ಟಿತ್ತೋ. ತಿಕ್ಕಿ ತೆಗೀತೀನಿ ಅಂದ್ರೆ ಆ ಧೂಳೇ ಇನ್ನೂ ಕೆಟ್ಟದ್ದು. ಗುಂಡ ಕಂಡಿದ್ದೆಲ್ಲ ನೆಕ್ಕೋ ಪ್ರಾಣಿ. ಬೇಡ ಅಂತ, ಪಕ್ಕದಲ್ಲಿದ್ದ ಕಂದು ಸನ್‌ಮೈಕಾದ್ದನ್ನ 1,900ಕ್ಕೆ ತಂದ್ವಿ. ನಾಲ್ಕು ಡ್ರಾಯರು, ಚೂರು ಕುಂಟು.

ಟಂಟಂನಿಂದ ಇಳಿಸುವಾಗ ಅವ್ವ ಊರಿಂದ ಬಂದಿದ್ದಳು. ಕಪಾಟನ್ನ ಒಂದು ಸುತ್ತು ನೋಡಿ, ಅಕ್ಕ ಒಳಗೆ ಹೋದ ಮೇಲೆ ಅಂದಳು, "ಆಕಿ ಹೊಸಾ ಕಪಾಟಂತ ಎರಡು ವರ್ಷ ಚೀಟಿ ಹಾಕಿದ್ಲು. ಎತ್ತಿದ ರೊಕ್ಕ ನಿನ್ನ ಮೊದಲನೇ ವರ್ಷದ ಹಾಸ್ಟೆಲ್ಲಿಗೆ ಹೋತು." ನನಗೆ ಗೊತ್ತಿರಲಿಲ್ಲ. ಅಪ್ಪ ಹೊಂದಿಸಿದ್ದು ಅಂದ್ಕೊಂಡಿದ್ದೆ. ನಾನು ಆ ವರ್ಷ ಹಾಸ್ಟೆಲ್ ಊಟ ಸರಿಯಿಲ್ಲ ಅಂತ ವಾರಕ್ಕೆ ಮೂರು ದಿನ ಹೊರಗೆ ತಿಂದವನು. ಅವ್ವ ಅದಷ್ಟನ್ನೇ ಹೇಳಿ ಮೆಣಸಿನಕಾಯಿ ಒಣಹಾಕೋಕೆ ಹೋದಳು. ಅಕ್ಕನ ಹತ್ತಿರ ಆ ಮಾತು ತೆಗೀಲಿಲ್ಲ ನಾನು. ಕುಂಟೋ ಕಾಲಿಗೆ ರಟ್ಟು ಮಡಚಿ ಇಟ್ಟೆ.

ಆ ಸಂಜೆಯೇ ನೋಡಿದ್ದು: ಗುಂಡ ಕೆಳಗಿನ ಡ್ರಾಯರ್ ಎಳೆದ, ಅದರ ಮೇಲಿನದ್ದೂ ಎಳೆದ, ಮೆಟ್ಟಿಲ ಹಾಗೆ ಕಾಲಿಟ್ಟ. ಎತ್ಕೊಂಡೆ. ಅವನಿಗೆ ಆಟ, ನನಗೆ ಬೆವರು.

ಅವತ್ತು ರಾತ್ರಿ ಮತ್ತೆ ಲೆಕ್ಕ ಹಾಕಿದೆ, ಈ ಸಲ ಹೆದರಿಕೊಂಡೇ. ಕಪಾಟಿನ ತೂಕ ಸುಮಾರು 30 ಕೆಜಿ, ಆಳ 40 ಸೆಂಟಿಮೀಟರು. ಗುರುತ್ವ ಕೇಂದ್ರ ಮುಂದಿನ ಅಂಚಿಂದ 20 ಹಿಂದೆ. ಬೀಳದ ಹಾಗೆ ಹಿಡಿಯೋ ಮೊಮೆಂಟ್ 600. ಒಂದೊಂದು ಡ್ರಾಯರ್ 4 ಕೆಜಿ. 30 ಸೆಂಟಿಮೀಟರು ಹೊರಗೆ ಎಳೆದರೆ ಒಂದೊಂದಕ್ಕೂ 120 ಕಳೀಬೇಕು. ಗುಂಡನ ತೂಕ 14 ಕೆಜಿ, ಅಂಚಿಂದ 25 ಸೆಂಟಿಮೀಟರು ಹೊರಗೆ ನಿಂತ ಅಂದ್ರೆ 350. ಒಂದೇ ಡ್ರಾಯರ್ ತೆರೆದಿದ್ರೆ ಉಳಿಯೋದು 480, ಬಚಾವ್. ಎರಡು ತೆರೆದರೆ 360 ಎದುರು 350: ಕೂದಲೆಳೆ. ನಾಲ್ಕೂ ತೆರೆದರೆ ಉಳಿಯೋದು 120, ಅವನು ಕಾಲಿಟ್ಟ ಕೂಡಲೇ ಕಪಾಟು ಅವನ ಮೇಲೆ. ಡ್ರಾಯರಿನಲ್ಲಿ ಬಟ್ಟೆ ತುಂಬಿದ್ರೆ ಇನ್ನೂ ಬೇಗ, ಯಾಕಂದ್ರೆ ಆ ತೂಕವೂ ಡ್ರಾಯರ್ ಜೊತೆಗೇ ಮುಂದೆ ಬರುತ್ತೆ. ಇದು ಬರೀ ಕಾಗದದ ಭಯ ಅಲ್ಲ. ಇದೇ ರೀತಿ ಡ್ರಾಯರ್ ಮಗುಚಿ ಮಕ್ಕಳು ಸತ್ತದ್ದಕ್ಕೇ 2016ರಲ್ಲಿ ಐಕಿಯಾ ಅಮೆರಿಕದಲ್ಲಿ ಸುಮಾರು 2.9 ಕೋಟಿ ಕಪಾಟುಗಳನ್ನ ವಾಪಸ್ ಕರೆದಿತ್ತು. 2022ರ ಕೊನೆಗೆ ಅಲ್ಲಿ ಇದಕ್ಕಂತಲೇ ಕಾನೂನೂ ಬಂತು. ಪರಿಹಾರ ಬಹಳ ಸಣ್ಣದು: ಕಪಾಟಿನ ತಲೆಯನ್ನ ಗೋಡೆಗೆ ಕಟ್ಟೋದು.

ಉಳಿದಿದ್ದು ಎರಡು ತೂತು. ಅವನ್ನ ನಾನು ಬೇರೇದಕ್ಕೆ ಎತ್ತಿಟ್ಟಿದ್ದೆ. ಮೂಲೆಯಲ್ಲಿ ಪುಟ್ಟಿಗೆ ಒಂದು "ರೂಮು" ಮಾಡಿಕೊಡ್ತೀನಿ ಅಂತ ಮಾತು ಕೊಟ್ಟಿದ್ದೆ. ಪರದೆ ರಾಡಿಗೆ ಆ ಎರಡು ತೂತು ಬೇಕಿತ್ತು. ಗದಗಿನ ಮನೆಯಲ್ಲಿ ಅವಳಿಗೆ ಮೆಟ್ಟಿಲ ಕೆಳಗೊಂದು ಜಾಗ ಇತ್ತಂತೆ, ಇಲ್ಲಿ ಬಂದಾಗಿಂದ ಅದನ್ನೇ ಕೇಳ್ತಿದ್ದಳು. ಅಜ್ಜಿ ಹತ್ತಿರ ಇನ್ನೆರಡು ತೂತು ಕೇಳೋ ಮುಖ ನನಗಿರಲಿಲ್ಲ, ಶೆಲ್ಫ್ ಬಿದ್ದ ಶಬ್ದ ಅವರಿಗೂ ಕೇಳಿತ್ತು. ಪುಟ್ಟಿಗೆ ಹೇಳಿದೆ, ರೂಮು ಆಗಲ್ಲ ಅಂತ. ಅಳಲಿಲ್ಲ ಅವಳು. "ಇರ್ಲಿ ಬಿಡು" ಅಂದಳು, ಥೇಟ್ ಅಕ್ಕನ ಧಾಟಿಯಲ್ಲಿ. ಅದು ಅಳುವುದಕ್ಕಿಂತ ಕೆಟ್ಟದಾಗಿತ್ತು.

ಹಾರ್ಡ್‌ವೇರ್ ಹಿರಿಯರು ಹೇಳಿದ ಹಾಗೆ ತೂತು ಅಗಲವಾಗಿ, ನಾಲ್ಕಿಂಚು ಆಳ ಕೊರೆದು, ಸಾಗವಾನಿಯ ಗಟ್ಟಿಯನ್ನ ಬಿಗಿಯಾಗಿ ಬಡಿದು ಕೂರಿಸಿ, ಆ ಮರಕ್ಕೆ ಸ್ಕ್ರೂ ಹಾಕಿದೆ. ಪಟ್ಟಿಗೆ ನನ್ನ ಹಳೇ ಕಾಲೇಜ್ ಬ್ಯಾಗಿನ ನೈಲಾನ್ ಬೆಲ್ಟು. ನೆಲದಿಂದ 100 ಸೆಂಟಿಮೀಟರು ಮೇಲೆ ಕಟ್ಟಿದ್ರೆ ಬೇಕಾಗೋ ಹಿಡಿತ 230 ಭಾಗಿಸು 100, ಅಂದ್ರೆ 2.3 ಕೆಜಿ ಅಷ್ಟೇ. ಮಗು ಜಗ್ಗಾಡುತ್ತೆ ಅಂತ ಹತ್ತು ಪಟ್ಟು ಹಿಡಿದರೂ 23. ಆದ್ರೆ ಈ ಸಲ ಲೆಕ್ಕ ನಂಬೋ ಧೈರ್ಯ ಇರಲಿಲ್ಲ. ಮಾಮಾ ಗೋದಾಮಿನಿಂದ ಕೊಕ್ಕೆ ತಕ್ಕಡಿ ತಂದ್ರು. ಗಟ್ಟಿಗೆ ಹಗ್ಗ ಕಟ್ಟಿ, ನಡುವೆ ತಕ್ಕಡಿ ಸಿಕ್ಕಿಸಿ, ಇಬ್ಬರೂ ಎಳೆದ್ವಿ. ಮುಳ್ಳು 20 ದಾಟಿತು, 30 ದಾಟಿತು. 40ರ ತನಕ ಎಳೆದು ಹತ್ತೆಣಿಸಿದ್ವಿ. ಗಟ್ಟಿ ಅಲುಗಲಿಲ್ಲ. ಶೆಲ್ಫ್ ಬಿದ್ದ ರಾತ್ರಿಯಿಂದ ಮೊದಲ ಸಲ ಮಾಮಾ ನನ್ನ ನೋಡಿ ನಕ್ಕರು. "ಇನ್ನೊಂದ್ಸಲ ಎಳಿ," ಅಂದ್ರು. ಎಳೆದ್ವಿ.

ಬಣ್ಣದ ವಿಷಯ ಬೇಗ ಮುಗಿಸ್ತೀನಿ. ಪೂರ್ತಿ ಬಿಳಿ ಡಿಸ್ಟೆಂಪರ್ ಅಂತ ನಾನು, ಹುಚ್ಚು ಹಿಡದೈತೇನು ಅಂತ ಅವ್ವ. ಊರಲ್ಲಿ ಗೋಡೆಯ ಕೆಳಗಿನ ಮೂರಡಿಗೆ ಕೆಮ್ಮಣ್ಣು ಹಚ್ಚೋದು ಯಾಕೆ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಮಕ್ಕಳ ಕೈ, ಹಿಂಡಲಿ ನೀರು, ಪೊರಕೆ ತಾಗೋದು ಎಲ್ಲಾ ಆ ಮೂರಡಿಯಲ್ಲೇ. ಕೆಳಗೆ ಕೆಂಪು, ಮೇಲೆ ಬಿಳಿ, ನಡುವೆ ಅವ್ವನ ಕೈಯಿಂದ ಒಂದೆಳೆ ಕಾರಣೆ. ಒಣಗಿದ ಮೇಲೆ ಪುಟ್ಟಿ ಸೀಮೆಸುಣ್ಣದಲ್ಲಿ ಗೀಚಿದಳು. ಕೆಂಪಿನ ಮೇಲೆ ಬಿಳಿ ಚೆನ್ನಾಗಿ ಮೂಡುತ್ತೆ, ಒದ್ದೆ ಬಟ್ಟೆಯಲ್ಲಿ ಒರೆಸಿದ್ರೆ ಹೋಗುತ್ತೆ. "ಮುಟ್ಟಬ್ಯಾಡ" ಅನ್ನೋ ಮಾತಿಂದ ಒಂದು ಇಡೀ ಗೋಡೆ ಬಿಡುಗಡೆ ಆಯ್ತು. ಡ್ರಮ್ಮುಗಳನ್ನ ಬಚ್ಚಲ ಗೋಡೆಗೆ ಸರಿಸಿ, ಮುಚ್ಚಳದ ಮೇಲೆ ಸೈಕಲ್ ಟ್ಯೂಬ್ ಬಿಗಿದೆ. ಬಕೆಟ್ಟಿನಲ್ಲಿ ನೀರು ತುಂಬಿ ನೆಲದಲ್ಲಿ ಬಿಡೋ ಹಾಗಿಲ್ಲ ಅಂತ ಅಕ್ಕನಿಗೆ ಹೇಳಿದೆ, ಗೇಣುದ್ದ ನೀರು ಸಾಕು ಅಷ್ಟು ಸಣ್ಣ ಮಗುವಿಗೆ.

ಬಣ್ಣ ಹಚ್ಚುವಾಗಲೇ ಸಿಕ್ಕಿದ್ದು ಆ ಗೂಟ. ಮೂಲೆಯಲ್ಲಿ, ಏಳಡಿ ಎತ್ತರದಲ್ಲಿ, ಹತ್ತಾರು ಪದರ ಸುಣ್ಣದ ಒಳಗೆ ಹುಗಿದು ಹೋಗಿದ್ದ ಮರದ ಗೂಟ. ಹಿಂದಿನ ಕಾಲದಲ್ಲಿ ಗೋಡೆ ಕಟ್ಟುವಾಗಲೇ ಇಟ್ಟು ಕಟ್ಟಿದ್ದು. ಕೆರೆದು ತೆಗೆದೆ, ತಕ್ಕಡಿ ಕಟ್ಟಿ ಜಗ್ಗಿದೆ, ಕಲ್ಲು. ಅಲ್ಲಿಂದ ಕಿಟಕಿಯ ಸರಳಿಗೆ ಒಂದು ಹಗ್ಗ ಬಿಗಿದರೆ ಸರಿಯಾಗಿ ಮೂಲೆಯನ್ನ ಕತ್ತರಿಸುತ್ತೆ. ಅಕ್ಕನ ಎರಡು ಹಳೇ ಇಳಕಲ್ ಸೀರೆ ಪರದೆ ಆಯ್ತು. ನೆಲಕ್ಕೆ ಅವ್ವ ಐದು ದಿನ ಕೂತು ಚಿಂದಿ ಜೋಡಿಸಿ ಹೊಲಿದ ಸಣ್ಣ ಕೌದಿ. ಒಳಗೆ 60 ರೂಪಾಯಿಯ ರೇಡಿಯಂ ಚುಕ್ಕಿ. ನಾಲ್ಕಡಿಗೆ ಮೂರಡಿ. ತೂತು ಸೊನ್ನೆ. ಪುಟ್ಟಿ ಒಳಗೆ ಹೋಗಿ ಪರದೆ ಎಳ್ಕೊಂಡು, "ಯಾರೂ ಬರಬ್ಯಾಡ್ರಿ" ಅಂತ ಕೂಗಿದಳು. ಅರ್ಧ ಗಂಟೆ ಆದ ಮೇಲೆ ನಿದ್ದೆ ಹೋಗಿದ್ದಳು.

ಒಟ್ಟು ಖರ್ಚು 4,750. ಬಿದ್ದ ಶೆಲ್ಫು, ಡ್ರಿಲ್ ಬಾಡಿಗೆ, ಟಂಟಂ ಎಲ್ಲಾ ಸೇರಿ. ಉಳಿದ 1,250ನ್ನ ಅಕ್ಕ ಎರಡು ಸಲ ಎಣಿಸಿ ಡಬ್ಬಿಗೆ ಹಾಕಿದಳು. ನಾನು ಹೊರಡೋ ದಿನ ಬ್ಯಾಗಿನ ಬದಿಗೆ ಐನೂರು ತುರುಕಿದ್ದು ಬಸ್ಸಿನಲ್ಲಿ ಗೊತ್ತಾಯ್ತು.

ಹೋದ ತಿಂಗಳು ಫೋನಿನಲ್ಲಿ ಫೋಟೊ ಕಳಿಸಿದ್ದಳು. ಮಾವಿನ ಪೆಟ್ಟಿಗೆಯ ಒಂದು ಖಾನೆಯಲ್ಲಿ ಈಗ ಉಳ್ಳಾಗಡ್ಡಿ ಇದೆ, ಕಾರಣೆಯ ಮೇಲೆ ಗುಂಡ ಮಸಿ ಬಳಿದಿದ್ದಾನೆ, ವ್ಯರ್ಥವಾದ ಎರಡು ತೂತುಗಳಲ್ಲಿ ಯಾರೋ ಸೀಮೆಸುಣ್ಣ ಸಿಕ್ಕಿಸಿದ್ದಾರೆ. ಹಿಂದೆ, ಓಣಿಯ ಇಬ್ಬರು ಹೆಂಗಸರು ನೆಲದ ಮೇಲೆ ಕೂತು ಚಹಾ ಕುಡೀತಿದ್ದಾರೆ. ಮಾಲೀಕರ ಅಜ್ಜಿಯೂ ಬಾಡಿಗೆಗೆ ಅಂತ ಬಂದವರು ಒಳಗೆ ಬಂದು ತೂತು ಎಣಿಸಿದ್ರಂತೆ. "ನಾಕ ಅದಾವ, ಬರೋಬ್ಬರಿ" ಅಂದ್ರಂತೆ. ಆಮೇಲೆ ಕಪಾಟಿನ ಹಿಂದೆ ಇಣುಕಿ ಆ ಬೆಲ್ಟು ಜಗ್ಗಿ ನೋಡಿ, ಇದು ಯಾಕೆ ಅಂತ ಕೇಳಿದ್ರಂತೆ. ಅಕ್ಕ ಹೇಳಿದ್ದಾಳೆ. ದಸರಾ ರಜೆಗೆ ಅವರ ಮೊಮ್ಮಗ ಪುಣೆಯಿಂದ ಬರ್ತಾನೆ, ಒಂದೂವರೆ ವರ್ಷ. ಮೇಲಿನ ಮನೆಯಲ್ಲೂ ಅಂಥದೇ ಒಂದು ಕಪಾಟು ಇದೆಯಂತೆ. ಬರುವಾಗ ಡ್ರಿಲ್ ತೊಗೊಂಡು ಬಾ ಅಂತ ಹೇಳಿ ಕಳಿಸಿದ್ದಾರೆ.